ಏರು ಕಾಯುತ್ತಿದ್ದ ಕಡವೆ

ಮಲೆನಾಡಿನ ಬೇಟೆಯ ಬಗ್ಗೆ ಬರೆಯಲು ಕುವೈತಿನ ರಾಯ್ ತಕ್ಕ ಜಾಗವೇ ಎಂದು ಯಾರಾದರೂ ಕೇಳಬಹುದು. ಇದು ಗ್ಯಾರೇಜು, ಗೋದಾಮು, ಷೋರೂಮುಗಳ ಪ್ರದೇಶ. ಒಂದು ಕಡೆ ಅವೆನ್ಯೂಸ್ ಮಾಲ್, ಇನ್ನೊಂದು ಕಡೆ ಶುಕ್ರವಾರದ ಸಂತೆ, ಅದರ ಮಗ್ಗುಲಲ್ಲೇ ಹಕ್ಕಿಗಳ ಮಾರುಕಟ್ಟೆ. ಕಣ್ಣು ಹಾಯುವಷ್ಟು ದೂರವೂ ನೆಲ ಸಪಾಟು. ಇಡೀ ದೇಶದ ಅತಿ ಎತ್ತರದ ಜಾಗವೇ ಸುಮಾರು 300 ಮೀಟರ್. ನಮ್ಮ ಕೊಡಗಿನ ತಡಿಯಂಡಮೋಳ್ 1,748 ಮೀಟರ್. ಆದರೂ ಬೇಟೆಯ ಮನೆತನದಿಂದ ಬಂದ ನನಗೆ ಬೇಟೆಯ ಬಗ್ಗೆ ಇದ್ದ ದೊಡ್ಡ ತಪ್ಪು ತಿಳಿವಳಿಕೆಯನ್ನು ತಿದ್ದಿದ್ದು ಈ ಸಪಾಟು ನೆಲವೇ. ನಮ್ಮ ಹಿರಿಯರು ಹಿತಮಿತವಾಗಿ ಬೇಟೆಯಾಡುತ್ತಿದ್ದರು, ಅದಕ್ಕೇ ಕಾಡು ಉಳಿಯಿತು ಎಂದು ನಾವು ಹೇಳಿಕೊಳ್ಳುತ್ತೇವೆ. ಉಳಿಸಿದ್ದು ಹಿರಿಯರ ಸಂಯಮಕ್ಕಿಂತ ಹೆಚ್ಚಾಗಿ ಅವರು ಹತ್ತಬೇಕಾಗಿದ್ದ ಏರು ಎಂಬುದು ಈಗಿನ ನನ್ನ ನಂಬಿಕೆ. ಆ ಏರು ಈಗ ಇಲ್ಲದಿರುವುದರಿಂದ, ಮನೆಮಂದಿ ಸೇರಿ ಶಿಕಾರಿಗೆ ಹೋಗುವ ಪದ್ಧತಿಯನ್ನು ಮತ್ತೆ ತರಬೇಕೆನ್ನುವ ಮಾತನ್ನು ನಾನು ಒಪ್ಪಲಾರೆ.

ಆ ಬೇಟೆ ಹೇಗೆ ನಡೆಯುತ್ತಿತ್ತು ಎಂಬುದನ್ನು ಸರಿಯಾಗಿ ನೋಡಿದರೆ ವಿಷಯ ಅರ್ಧ ತಿಳಿಯುತ್ತದೆ. ಕಡವೆ ಗುಡ್ಡದ ಪ್ರಾಣಿ. ಹಗಲೆಲ್ಲ ಕಡಿದಾದ ಇಳಿಜಾರಿನ ದಟ್ಟ ಹಳುವಿನಲ್ಲಿ ಮಲಗಿದ್ದು, ಕತ್ತಲಾದ ಮೇಲೆ ಮೇವಿಗೆ, ನೀರಿಗೆ ಇಳಿದು, ಬೆಳಕು ಹರಿಯುವ ಮೊದಲು ಮತ್ತೆ ಮೇಲೇರುತ್ತದೆ. ಗಂಡು ಕಡವೆಯ ತೂಕ 200 ಕಿಲೋ ದಾಟುವುದುಂಟು. ಅದನ್ನು ಹೊಡೆಯಲು ಒಬ್ಬನಿಂದ ಆಗುತ್ತಿರಲಿಲ್ಲ. ಕೆಲವರು ನಾಯಿಗಳೊಂದಿಗೆ ಕೆಳಗಿನಿಂದ ಹಳು ಸೋವಬೇಕು, ಕೋವಿಯವರು ಮೇಲಿನ ಕಂಡಿಗಳಲ್ಲಿ ಬಿಲ್ಲಿಗೆ, ಅಂದರೆ ಹೊಂಚು ಹಾಕುವ ಜಾಗದಲ್ಲಿ, ಕೂರಬೇಕು. ಬಿಲ್ಲು ಎಲ್ಲಿ ಹಾಕಬೇಕೆಂದು ಗೊತ್ತಾಗಲು ಪ್ರಾಣಿ ಯಾವ ಕಂಡಿಯಲ್ಲಿ ದಾಟುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ಬಲ್ಲ ಹಿರಿಯನೊಬ್ಬ ಇರಬೇಕು. ಕೈಯಲ್ಲಿದ್ದದ್ದು ಕೇಪಿನ ಕೋವಿ: ಒಂದು ಈಡು ಹಾರಿಸಿದರೆ ಮತ್ತೆ ಮದ್ದು, ಚರೆ ತುಂಬಿ ಗಜ ಹಾಕಿ ಸಜ್ಜಾಗುವಷ್ಟರಲ್ಲಿ ಕಡವೆ ಎರಡು ಗುಡ್ಡ ದಾಟಿರುತ್ತಿತ್ತು. ಬಿದ್ದರೂ ಅಷ್ಟು ತೂಕವನ್ನು ಕಣಿವೆಯಿಂದ ಹೊತ್ತು ತರಬೇಕು. ಅದಕ್ಕೇ ಹೊಡೆದವನಿಗೆ, ಸೋವಿದವರಿಗೆ, ಹೊತ್ತವರಿಗೆ, ನಾಯಿಯ ಯಜಮಾನನಿಗೆ ಎಲ್ಲರಿಗೂ ಪಾಲು. ಆ ಹಂಚಿಕೆ ಸುಂದರವಾದದ್ದೇ. ಆದರೆ ಅದು ಹುಟ್ಟಿದ್ದು ಅಷ್ಟು ಜನ ಸೇರದೆ ಕೆಲಸವೇ ಸಾಗದಿದ್ದ ಕಾರಣಕ್ಕೆ.

ಮಿಕ್ಕ ಕಟ್ಟುಪಾಡುಗಳನ್ನೂ ಹೀಗೇ ಬಿಡಿಸಿ ನೋಡಬಹುದು. ಮಳೆಗಾಲದಲ್ಲಿ ಬೇಟೆ ಇಲ್ಲ ಎಂಬ ರೂಢಿಯ ಹಿಂದೆ ಗದ್ದೆಯ ಕೆಲಸವಿತ್ತು, ಒದ್ದೆಯಾಗುವ ಮದ್ದಿತ್ತು, ಜಿಗಣೆಯಿತ್ತು, ಜಾರುವ ಇಳಿಜಾರಿತ್ತು. ಕೊಡಗಿನಲ್ಲಿ ನಾಟಿ ಮುಗಿದ ಮೇಲೆ ಸೆಪ್ಟೆಂಬರ್ 3ರಂದು ಕೈಲ್‌ಪೊದು ಬಂದು ಆಯುಧಗಳಿಗೆ ಪೂಜೆಯಾದ ನಂತರವೇ ಕೋವಿ ಮತ್ತೆ ಕೈಗೆ ಬರುತ್ತಿದ್ದದ್ದು. ಬೇಕಾದಷ್ಟೇ ಹೊಡೆಯಬೇಕು ಎಂಬ ಮಾತೂ ಹಾಗೆಯೇ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸಿಡುವುದನ್ನು ಬಿಟ್ಟರೆ ಮಾಂಸ ಇಡುವ ದಾರಿಯೇ ಇಲ್ಲದ ಮನೆಯಲ್ಲಿ ಬೇಕಾದಷ್ಟು ಎಂದರೆ ಊರು ಎರಡು ದಿನದಲ್ಲಿ ತಿಂದು ಮುಗಿಸುವಷ್ಟು. ಹೀಗೆ ಏರು, ಮಳೆ, ಒಂಟಿ ಈಡು, ಹೊರುವ ಹೆಗಲು, ಕೆಡುವ ಮಾಂಸ ಈ ಐದೂ ಸೇರಿ ಒಂದು ಋತುವಿನಲ್ಲಿ ಎಷ್ಟು ಪ್ರಾಣಿ ಬೀಳಬಹುದು ಎಂಬುದನ್ನು ತೀರ್ಮಾನಿಸುತ್ತಿದ್ದವು. ಮನುಷ್ಯನ ಮನಸ್ಸಿಗೆ ಆ ತೀರ್ಮಾನದಲ್ಲಿದ್ದ ಪಾತ್ರ ಚಿಕ್ಕದು.

ಇದನ್ನು ಪರೀಕ್ಷಿಸಿ ನೋಡುವುದು ಹೇಗೆ? ಏರೇ ಇಲ್ಲದ ಕಡೆ ಏನಾಯಿತು ಎಂದು ನೋಡಬೇಕು. ನಾನಿರುವ ಈ ನೆಲದಲ್ಲಿ ಅದರ ಕಥೆ ಇದೆ. ಅರಬರು ಮಹಾ ಎಂದು ಕರೆಯುವ ಬಿಳಿಯ ಓರಿಕ್ಸ್ ಒಂದು ಕಾಲಕ್ಕೆ ಅರೇಬಿಯಾದ ಮರಳುಗಾಡಿನ ತುಂಬ ಇತ್ತು. ಬೆದೂಯಿನರು ಶತಮಾನಗಳ ಕಾಲ ಅದನ್ನು ಬೇಟೆಯಾಡಿದ್ದಾರೆ, ಅವರಲ್ಲೂ ಹಂಚಿ ತಿನ್ನುವ ಪದ್ಧತಿ ಇತ್ತು, ಅತಿಥಿ ಸತ್ಕಾರದ ಕಟ್ಟಳೆ ಇತ್ತು. ಒಂಟೆಯ ಮೇಲೆ ಹೋಗುವವನಿಗೆ ಬಿಸಿಲು ಮತ್ತು ನೀರಿಲ್ಲದ ದೂರ ನಮ್ಮ ಏರಿನ ಕೆಲಸ ಮಾಡುತ್ತಿದ್ದವು. ತೈಲದ ಹಣದ ಜೊತೆ ಜೀಪು ಬಂತು, ಒಂದೇ ಸಮನೆ ಗುಂಡು ಹಾರಿಸುವ ಬಂದೂಕು ಬಂತು. ಬಿಸಿಲು, ದೂರ ಎರಡೂ ಲೆಕ್ಕಕ್ಕಿಲ್ಲವಾದವು. ಕುವೈತಿನ ಮರಳಿನಿಂದ ಆ ಪ್ರಾಣಿ ಮೊದಲೇ ಮಾಯವಾಗಿತ್ತು. 1972ರಲ್ಲಿ ಒಮಾನಿನಲ್ಲಿ ಕೊನೆಯ ಕಾಡು ಓರಿಕ್ಸ್‌ಗಳೂ ಹೋದವು. ಬೆದೂಯಿನರ ಸಂಸ್ಕೃತಿ ಒಂದೇ ತಲೆಮಾರಿನಲ್ಲಿ ಕೆಟ್ಟುಹೋಯಿತೇ? ಇಲ್ಲ. ಅವರ ಹಾಡು, ಆತಿಥ್ಯ, ಗಿಡುಗ ಸಾಕುವ ವಿದ್ಯೆ ಎಲ್ಲವೂ ಉಳಿದವು. ಬದಲಾದದ್ದು ದೂರವನ್ನು ದಾಟುವ ಸಾಧನ ಮಾತ್ರ, ಅಷ್ಟಕ್ಕೇ ಪ್ರಾಣಿ ಮುಗಿದುಹೋಯಿತು. ಪೂರ್ತಿ ಅಳಿಯದೆ ಉಳಿದದ್ದು 1962ರಲ್ಲಿ ಶುರುವಾದ ರಕ್ಷಣಾ ಯೋಜನೆಯಿಂದ: ಅಮೆರಿಕದ ಫೀನಿಕ್ಸ್ ಮೃಗಾಲಯದಲ್ಲಿ ಒಂಬತ್ತು ಪ್ರಾಣಿಗಳ ಒಂದು ಹಿಂಡು ಕಟ್ಟಿದರು, ಆ ಒಂಬತ್ತರಲ್ಲಿ ಒಂದು ಕುವೈತಿನಿಂದ ಹೋದದ್ದು. ಆ ಸಂತತಿಯನ್ನು 1982ರಲ್ಲಿ ಒಮಾನಿನ ಮರಳಿಗೆ ಮತ್ತೆ ಬಿಟ್ಟರು. 1996ರ ಹೊತ್ತಿಗೆ 450 ಆಗಿದ್ದ ಸಂಖ್ಯೆ ಕಳ್ಳಬೇಟೆಯಿಂದ 65ಕ್ಕೆ ಇಳಿಯಿತು. ಅವುಗಳಿಗೆಂದು ಮೀಸಲಿಟ್ಟಿದ್ದ ಅಭಯಾರಣ್ಯದ ಬಹುಪಾಲನ್ನೂ ಒಮಾನ್ ಸರ್ಕಾರ ಕೈಬಿಟ್ಟದ್ದರಿಂದ, 2007ರಲ್ಲಿ ಅದು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯಿಂದಲೇ ಹೊರಬಿತ್ತು. ಆ ಪಟ್ಟಿಯಿಂದ ತೆಗೆದುಹಾಕಲಾದ ಮೊದಲ ತಾಣ ಅದು. ಕುವೈತು ಈಗ 2014ರ 42ನೇ ಕಾನೂನಿನಲ್ಲಿ ಬೇಟೆಯನ್ನು ನಿಷೇಧಿಸಿದೆ, ಆದರೆ ಕಾಯಬೇಕಾದ ಪ್ರಾಣಿಗಳಲ್ಲಿ ಎಷ್ಟೋ ಕಾನೂನು ಬರುವ ಮೊದಲೇ ಹೋಗಿದ್ದವು.

ನಮ್ಮ ಗುಡ್ಡಗಳಿಗೂ ಆದದ್ದು ಇದೇ, ನಿಧಾನವಾಗಿ ಆಯಿತು ಅಷ್ಟೆ. ನೀಲಗಿರಿಯಲ್ಲಿ ರೈಫಲ್ ಹಿಡಿದ ತೋಟದ ಯಜಮಾನರು, ಸೇನಾಧಿಕಾರಿಗಳು ಬೇಟೆಗಿಳಿದ ಕೆಲವೇ ದಶಕಗಳಲ್ಲಿ ಪ್ರಾಣಿಗಳು ಎಷ್ಟು ಕಡಿಮೆಯಾದವೆಂದರೆ, 1877ರಲ್ಲಿ ಬೇಟೆಗಾರರೇ ಸಂಘ ಕಟ್ಟಿಕೊಂಡು ರಕ್ಷಣೆ ಬೇಕೆಂದರು. 1879ರಲ್ಲಿ ಅದಕ್ಕೊಂದು ಕಾನೂನೂ ಬಂತು. ಗುಡ್ಡ ಅಷ್ಟೇ ಕಡಿದಾಗಿತ್ತು, ಆದರೆ ದೂರದಿಂದ ಹೊಡೆಯುವ ರೈಫಲ್‌ಗೆ ಏರು ಅರ್ಧವಾಗಿತ್ತು. ಆಮೇಲೆ ಮಲೆನಾಡಿನ ತೋಟ ತೋಟಕ್ಕೂ ಜೀಪು ಹೋಗುವ ರಸ್ತೆ ಬಂತು, ಕಣ್ಣು ಕೋರೈಸುವ ಬ್ಯಾಟರಿ ಬಂತು, ತೋಟಾ ಹಾಕುವ ಜೋಡಿ ನಳಿಗೆಯ ಕೋವಿ ಬಂತು, ಮನೆಯಲ್ಲಿ ಫ್ರಿಜ್ ಬಂತು. ರಾತ್ರಿ ರಸ್ತೆಯಲ್ಲೇ ಹೋಗುತ್ತ ಬೆಳಕು ಬಿಟ್ಟರೆ ಕಡವೆ ಕಣ್ಣು ಮಿನುಗಿಸಿ ನಿಲ್ಲುತ್ತದೆ. ಆ ಪ್ರಾಣಿಗೆ ಇರುವ ದೊಡ್ಡ ರಕ್ಷಣೆ ಇಳಿಜಾರು, ಅದನ್ನೇ ದಾಟಿ ಬಂದಿರುತ್ತೇವೆ. ಬ್ರೇಕಿನ ಕೇಬಲ್ಲಿನಿಂದ ಮಾಡಿದ ಉರುಳಿಗಂತೂ ಬೇಟೆಗಾರನೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಲಿಗೆ ಪರವಾನಗಿಯ ಮೇಲೆ ಬೇಟೆಗೆ ಸ್ವಲ್ಪ ಅವಕಾಶ ಉಳಿಸಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಕಾಯ್ದೆ ಬಂದ ವರ್ಷವೂ ಒಮಾನಿನ ಓರಿಕ್ಸ್ ಹೋದ ವರ್ಷವೂ ಒಂದೇ. ಆಕಸ್ಮಿಕ ನಿಜ, ಆದರೆ ಎರಡರ ಹಿಂದಿದ್ದ ಕಾರಣ ಒಂದೇ ಆಗಿತ್ತು.

ಇದಕ್ಕೆ ಬರುವ ಮೊದಲ ಆಕ್ಷೇಪ ನನ್ನ ಮನೆಯವರದ್ದೇ ಆಗಿರಬಹುದು: ಹಿರಿಯರಿಗೆ ನೀತಿಯೇ ಇರಲಿಲ್ಲವೇ, ದೇವರಕಾಡಿನಲ್ಲಿ ಅವರು ಕೋವಿ ಎತ್ತಿದರೇ? ನೀತಿ ಇತ್ತು. ಕೊಡಗೊಂದರಲ್ಲೇ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ಅವು ಭಯಭಕ್ತಿಯಿಂದಲೇ ಉಳಿದವು. ಆದರೆ ಅದೇ ನಾಡಿನಲ್ಲಿ ಹುಲಿ ಹೊಡೆದವನಿಗೆ ನರಿಮಂಗಲ ಎಂಬ ಶಾಸ್ತ್ರ ಮಾಡಿ ಮದುವಣಿಗನ ಹಾಗೆ ಕೂರಿಸುತ್ತಿದ್ದರು. ಎರಡೂ ನಮ್ಮ ಪರಂಪರೆಯೇ. ಪುತ್ತೂರಿನ ಕಡೆಯ ಕೆದಂಬಾಡಿ ಜತ್ತಪ್ಪ ರೈ ತಮ್ಮ 'ಬೇಟೆಯ ನೆನಪುಗಳು' ಪುಸ್ತಕದಲ್ಲಿ ಬರೆದ ಕಾಡನ್ನು ಓದಿದವರಿಗೆ ಪ್ರಾಣಿಯ ಮೇಲಿನ ಪ್ರೀತಿ, ಅದನ್ನು ಹೊಡೆಯುವ ಉತ್ಸಾಹ ಎರಡೂ ಒಂದೇ ಎದೆಯಲ್ಲಿ ಇರಬಲ್ಲವು ಎಂದು ಗೊತ್ತು. ಹಾಗಾಗಿ ಹಿರಿಯರ ಮೇಲೆ ನನ್ನ ದೂರಿಲ್ಲ. ಅವರ ನೀತಿಯನ್ನು ಪರೀಕ್ಷೆಗೆ ಒಡ್ಡುವಂಥ ಜೀಪು ಅವರ ಅಂಗಳದಲ್ಲಿ ಇರಲಿಲ್ಲ ಎನ್ನುವುದಷ್ಟೇ ನನ್ನ ಮಾತು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಕಾಡಂಚಿನ ರೈತನ ಗದ್ದೆ ಒಂದೇ ರಾತ್ರಿಯಲ್ಲಿ ನೆಲಸಮವಾಗುತ್ತದೆ. ಕುವೈತಿನ ಏಸಿ ಕೋಣೆಯಲ್ಲಿ ಕುಳಿತವರು ಅವನಿಗೆ ಉಪದೇಶ ಮಾಡುವುದು ಸುಲಭ. ಈ ಮಾತಿನ ಮುಂದೆ ನಾನು ತಲೆ ತಗ್ಗಿಸುತ್ತೇನೆ. ಪರಿಹಾರದ ಹಣ ಬೇಗ ಬರಬೇಕು, ನಷ್ಟಕ್ಕೆ ತಕ್ಕಷ್ಟು ಬರಬೇಕು, ಬೇಲಿಯ ಖರ್ಚನ್ನು ರೈತನೊಬ್ಬನ ತಲೆಗೆ ಕಟ್ಟಬಾರದು. ಆದರೆ ಬೆಳೆ ಹಾಳಾಗುವುದಕ್ಕೂ ಶಿಕಾರಿ ಬೇಕೆನ್ನುವುದಕ್ಕೂ ಗಂಟು ಹಾಕುವುದು ಸರಿಯಲ್ಲ. ಗದ್ದೆಯ ಮುಖ್ಯ ಶತ್ರು ಕಾಡುಹಂದಿ. ಅದು ಒಂದೇ ಸೂಲಿಗೆ ನಾಲ್ಕಾರು ಮರಿ ಹಾಕುತ್ತದೆ, ಹೊಡೆದಷ್ಟೂ ಬೇಗ ತುಂಬಿಕೊಳ್ಳುತ್ತದೆ. ಕಡವೆ ಎಂಟು ತಿಂಗಳ ಬಸಿರಿನ ನಂತರ ಸಾಮಾನ್ಯವಾಗಿ ಒಂದೇ ಮರಿ ಹಾಕುವ ಪ್ರಾಣಿ. ಎರಡಕ್ಕೂ ಒಂದೇ ಕೋವಿ ಹಿಡಿದರೆ ಮೊದಲು ಮುಗಿಯುವುದು ಕಡವೆಯೇ. ಹಂದಿಗೆಂದು ಬೇಲಿಯಲ್ಲಿ ಇಟ್ಟ ಉರುಳಿಗೆ ಚಿರತೆ ಬಿದ್ದು ನರಳುವ ಸುದ್ದಿ ಕಾಫಿ ತೋಟಗಳಿಂದ ಮತ್ತೆ ಮತ್ತೆ ಬರುತ್ತಲೇ ಇದೆ. ಇನ್ನು, ಬೆಳೆಗೆ ಅಪಾಯವಾದ ಪ್ರಾಣಿಯ ವಿಷಯದಲ್ಲಿ ಲಿಖಿತ ಅನುಮತಿ ಕೊಡುವ ಅಧಿಕಾರ ಕಾಯ್ದೆಯ 11ನೇ ಸೆಕ್ಷನ್ನಿನಲ್ಲೇ ಅಧಿಕಾರಿಗಳಿಗೆ ಇದೆ. ಆ ದಾರಿಯನ್ನು ರೈತನಿಗೆ ಸುಲಭ ಮಾಡಿ ಎಂದು ಕೇಳೋಣ. ಆದರೆ ಆ ಕೇಳಿಕೆಯ ಬೆನ್ನಿಗೆ ನಮ್ಮ ವಾರಾಂತ್ಯದ ಆಸೆಯನ್ನು ಕಟ್ಟಿ ಕಳಿಸಬಾರದು.

ಮೂರನೆಯದು ಅಮೆರಿಕದ ಉದಾಹರಣೆ. ರಾಕಿ ಪರ್ವತದ ಕಡಿದಾದ ಇಳಿಜಾರುಗಳಲ್ಲಿ ಅಪ್ಪ, ಅಮ್ಮ, ಮಕ್ಕಳು ಸೇರಿ ವರ್ಷವರ್ಷವೂ ಎಲ್ಕ್, ಜಿಂಕೆ ಬೇಟೆಗೆ ಹೋಗುತ್ತಾರೆ, ವರ್ಷಕ್ಕಾಗುವಷ್ಟು ಮಾಂಸ ಫ್ರೀಜರಿಗೆ ಬರುತ್ತದೆ, ಆದರೂ ಅಲ್ಲಿ ಪ್ರಾಣಿ ಕಡಿಮೆಯಾಗಿಲ್ಲ. ಅಲ್ಲಿ ಆಗುವುದು ಇಲ್ಲಿ ಏಕಾಗದು? ಈ ಪ್ರಶ್ನೆಯನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ, ಏಕೆಂದರೆ ಅಮೆರಿಕದವರು ಏರನ್ನು ಕಾಗದದ ಮೇಲೆ ಮತ್ತೆ ಕಟ್ಟಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮಾರಾಟಕ್ಕಾಗಿ ಹೊಡೆದು ಹೊಡೆದು ಎಲ್ಕ್ ಮುಗಿಯುವ ಹಂತ ತಲುಪಿದ ಮೇಲೆ ಅವರು ಕಾಡಿನ ಮಾಂಸದ ವ್ಯಾಪಾರವನ್ನೇ ನಿಲ್ಲಿಸಿದರು. ಯಾವ ಕಣಿವೆಯಲ್ಲಿ ಎಷ್ಟು ಪ್ರಾಣಿ ಎಂದು ಅಂದಾಜು ಮಾಡಿ ಅಷ್ಟಕ್ಕೆ ಮಾತ್ರ ಪರವಾನಗಿ ಕೊಟ್ಟರು. 1937ರಿಂದ ಬಂದೂಕು, ಗುಂಡುಗಳ ಮೇಲಿನ ತೆರಿಗೆಯ ಹಣವನ್ನು ವನ್ಯಜೀವಿಗಳಿಗೇ ಹಾಕಿದರು. ಆದರೆ ಅಲ್ಲಿನ ಬಹುತೇಕ ಕಣಿವೆಗಳಿಂದ ತೋಳವನ್ನು ಮೊದಲೇ ಅಳಿಸಿಹಾಕಿದ್ದರು, ಅದರ ಪಾಲು ಮನುಷ್ಯನಿಗೆ ಬಂತು. ನಮ್ಮ ಗುಡ್ಡಗಳಲ್ಲಿ ಹುಲಿ, ಚಿರತೆ, ಸೀಳುನಾಯಿ ಮೂರೂ ಇನ್ನೂ ಇವೆ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಗೊರಸಿನ ಪ್ರಾಣಿಗಳು ಬೇಕು, ಆ 50 ಸಿಗಬೇಕಾದರೆ ಹಿಂದೆ 500 ಇರಬೇಕು ಎಂಬುದು ನಾಗರಹೊಳೆಯಲ್ಲಿ ದಶಕಗಳ ಕಾಲ ಅಧ್ಯಯನ ಮಾಡಿದ ಉಲ್ಲಾಸ ಕಾರಂತರು ವಿವರಿಸುವ ಲೆಕ್ಕ. 2022ರ ಗಣತಿಯ ಅಂದಾಜಿನಲ್ಲಿ ಕರ್ನಾಟಕದಲ್ಲಿ 563 ಹುಲಿಗಳಿವೆ. ಗುಣಿಸಿ ನೋಡಿದರೆ ನಮ್ಮ ಕಡವೆ, ಜಿಂಕೆ, ಕಾಡುಕುರಿಗಳ ಪಾಲು ಆಗಲೇ ಹಂಚಿ ಮುಗಿದಿರುವುದು ಕಾಣುತ್ತದೆ. ಹಳೆಯ ಬೇಟೆಯ ನ್ಯಾಯದಲ್ಲೇ ಹೇಳುವುದಾದರೆ, ಹಳು ಸೋವಿದವರ ಪಾಲನ್ನು ಬಿಲ್ಲಿನವನು ಕಿತ್ತುಕೊಳ್ಳಬಾರದು.

ಬೇಟೆ ನಿಂತರೆ ಕಾಡಿನ ತಿಳಿವಳಿಕೆಯೂ ಹೋಗುತ್ತದೆ ಎಂಬ ಕೊರಗು ನನ್ನಲ್ಲೂ ಇತ್ತು. ಹೆಜ್ಜೆ ನೋಡಿ ಹೊತ್ತು ಹೇಳುವ ಕಣ್ಣು, ಕಡವೆಯ ಕೂಗಿನಿಂದ ಹುಲಿ ಎತ್ತ ನಡೆಯಿತೆಂದು ತಿಳಿಯುವ ಕಿವಿ ಸಣ್ಣ ಸಂಪತ್ತಲ್ಲ. ಆದರೆ ಅದಕ್ಕೆ ಕೋವಿ ಬೇಕೇ ಬೇಕು ಎನ್ನಲು ಸಾಕ್ಷಿ ಸಿಗಲಿಲ್ಲ. ಕೊಡಗಿನ ಮಣ್ಣಿನಲ್ಲೇ ಬೆಳೆದ ಕೆ. ಎಂ. ಚಿಣ್ಣಪ್ಪ ಆ ಎಲ್ಲ ವಿದ್ಯೆಯನ್ನು ನಾಗರಹೊಳೆಯ ರೇಂಜರಾಗಿ ಕಳ್ಳಬೇಟೆಯವರನ್ನು ಹಿಡಿಯಲು ಬಳಸಿದರು, ಅದಕ್ಕಾಗಿ ತಮ್ಮವರದೇ ದ್ವೇಷ ಕಟ್ಟಿಕೊಂಡರು. ಕೋವಿ ಹಿಡಿದು ಕಾಡು ಸುತ್ತಿದ ಪೂರ್ಣಚಂದ್ರ ತೇಜಸ್ವಿ ಆಮೇಲೆ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಹೋದರು. 'ಪರಿಸರದ ಕತೆ' ಓದಿದವರಾರಿಗೂ ಅವರ ಕಾಡು ಬಡವಾಯಿತು ಅನ್ನಿಸುವುದಿಲ್ಲ. ಇನ್ನು ಕೋವಿಯ ಗೌರವ ಉಳಿಯಲೂ ಬೇಟೆ ಬೇಕಿಲ್ಲ. ಕೊಡಗಿನಲ್ಲಿ ಕೋವಿ ಪರವಾನಗಿಯ ವಿನಾಯಿತಿ 2029ರವರೆಗೆ ಮುಂದುವರಿದಿದೆ, 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊದಿನ ದಿನ ಆ ಕೋವಿಗಳಿಗೆ ಹೂ ಏರಿಸಿ ಪೂಜೆ ಮಾಡುತ್ತಾರೆ, ಆಮೇಲೆ ಗುರಿಗೆ ತೆಂಗಿನಕಾಯಿ ಕಟ್ಟುತ್ತಾರೆ. ಗಂಡಸರು, ಹೆಂಗಸರು ಎಲ್ಲರೂ ಗುಂಡು ಹಾರಿಸುತ್ತಾರೆ, ಕಾಯಿ ಒಡೆದಾಗ ಊರೇ ಕೂಗುತ್ತದೆ.

ಇಷ್ಟು ಹೇಳಿದ ಮೇಲೆ ಕೊಲ್ಲಿಯಲ್ಲಿರುವ ನಮ್ಮದೇ ಲೆಕ್ಕ ಒಂದು ಉಳಿಯುತ್ತದೆ. ಮಲೆನಾಡಿನಲ್ಲಿ ಏರನ್ನು ಇಳಿಸಿದ ಹಣದಲ್ಲಿ ಒಂದಷ್ಟು ನಾವು ಕಳಿಸಿದ್ದು. ತೋಟದವರೆಗಿನ ರಸ್ತೆ, ಹೊಸ ಜೀಪು, ಹಳ್ಳಿ ಮನೆಯ ದೊಡ್ಡ ಫ್ರಿಜ್ ಇವುಗಳಲ್ಲಿ ಇಲ್ಲಿನ ದಿನಾರು ಇದೆ. ಅದಕ್ಕಿಂತ ಹೆಚ್ಚಾಗಿ, ರಜೆಗೆ ಬಂದವರಿಗೆ ಕಾಡಿನ ಮಾಂಸ ಉಣಿಸುವುದೇ ದೊಡ್ಡ ಆದರ ಎಂಬ ಭಾವನೆ ಊರಿನಲ್ಲಿ ಇನ್ನೂ ಹೋಗಿಲ್ಲ, ನಾವೂ ಅದನ್ನು ಹೋಗಗೊಟ್ಟಿಲ್ಲ. ಆ ಮಾಂಸ ಈಗ ಪಾಲಿನಿಂದ ಬಂದದ್ದಲ್ಲ, ಕಿಲೋ ಲೆಕ್ಕದಲ್ಲಿ ಕೊಂಡದ್ದು. ಕೊಳ್ಳುವವರು ಇರುವ ತನಕ ಉರುಳು ಹಾಕುವವರೂ ಇರುತ್ತಾರೆ. ಕುವೈತಿನಲ್ಲಿ ಶಾಲೆಗೆ ರಜೆ ಬಿಡುವುದು ಊರಿನ ಮಳೆಗಾಲದಲ್ಲಿ, ಹಿರಿಯರು ಕೋವಿಯನ್ನು ಗೋಡೆಗೆ ತೂಗುಹಾಕುತ್ತಿದ್ದ ದಿನಗಳಲ್ಲೇ. ಆ ದಿನಗಳಲ್ಲಿ ಊರಿನ ಅಂಗಳಕ್ಕೆ ಕಾಲಿಟ್ಟಾಗ 'ಶಿಕಾರಿ ಇದೆ, ಊಟಕ್ಕೆ ನಿಲ್ಲಿ' ಎಂದು ಯಾರಾದರೂ ಪ್ರೀತಿಯಿಂದ ಕರೆದರೆ, 'ಬೇಡ ಮಾರಾಯ್ರೇ, ಇದ್ದರೆ ನಾಟಿ ಕೋಳಿ ಸಾರು ಹಾಕಿ, ಇಲ್ಲದಿದ್ದರೆ ಕಣಿಲೆ ಪಲ್ಯ ಸಾಕು' ಎಂದು ಅಷ್ಟೇ ಪ್ರೀತಿಯಿಂದ ಹೇಳಲು ನಮಗೆ ಬರಬೇಕು.