ಬೋಗುಣಿಯ ಗುಮ್ಮಟ

ಪುಸ್ತಕಗಳಿಗೆ ಮುಖಪುಟ ಮಾಡುವುದು ನನ್ನ ಕಸುಬು. ಹಾಗಾಗಿ ಮಗಳ ಸ್ಕೂಲಿನ ವಾಟ್ಸಾಪ್ ಗ್ರೂಪಿನಲ್ಲಿ ಪ್ರಾಜೆಕ್ಟಿನ ಮೆಸೇಜು ಬಿದ್ದ ಕೂಡಲೇ ಉಳಿದ ತಾಯಂದಿರು, "ನಿಮಗೇನ್ರೀ, ಆರ್ಟಿಸ್ಟು, ಚಿಟಿಕೆ ಹೊಡೆಯೋದ್ರೊಳಗೆ ಮಾಡ್ಬಿಡ್ತೀರಿ" ಅನ್ನುತ್ತಾರೆ. ಕಷ್ಟ ಇರುವುದೇ ಅಲ್ಲಿ. ಮಗು ಫೆವಿಕಾಲ್ ಸುರಿದು ಚಾರ್ಟ್ ಪೇಪರ್ ಸುಕ್ಕುಗಟ್ಟಿಸುವಾಗ ಕೈ ಪಳಗಿದವರು ಸುಮ್ಮನೆ ಕೂರಬೇಕಲ್ಲ!

ಮೂರನೇ ಕ್ಲಾಸಿನಲ್ಲಿ ರಾಜ್ಯೋತ್ಸವಕ್ಕೆಂದು ಕರ್ನಾಟಕದ ಸ್ಮಾರಕದ ಮಾಡೆಲ್ ಕೇಳಿದ್ದರು. ದಸರಾ ರಜೆಯಲ್ಲಿ ವಿಜಯಪುರ ನೋಡಿ ಬಂದಿದ್ದವಳು ಗೋಳಗುಮ್ಮಟವೇ ಎಂದಳು. ನನ್ನ ಕಣ್ಣಿಗೆ ಕಟ್ಟಿದ್ದು ಅದರ ಆಕಾರ: ಚೌಕದ ಕಟ್ಟಡ, ನಾಲ್ಕು ಮೂಲೆಗೂ ಏಳೇಳು ಅಂತಸ್ತಿನ ಮಿನಾರು, ಗುಮ್ಮಟದ ಬುಡಕ್ಕೆ ಸುತ್ತಿದ ಕಮಲದ ಎಸಳು. ಫೋಮ್ ಶೀಟಿನಲ್ಲಿ ಎಸಳು ಕತ್ತರಿಸುವ ಬಗೆ ಮನಸ್ಸಿನಲ್ಲಿ ಆಗಲೇ ಸಿದ್ಧವಾಗಿತ್ತು.

ಅವಳು ಅಡುಗೆಮನೆಯಿಂದ ಸ್ಟೀಲ್ ಬೋಗುಣಿ ತಂದಳು. ಮಿಕ್ಸಿ ಬಂದಿದ್ದ ರಟ್ಟಿನ ಡಬ್ಬಕ್ಕೆ ಮೇಲೆ ದುಂಡಗೆ ಕೊಯ್ಯಿಸಿಕೊಂಡು ಬೋಗುಣಿಯನ್ನು ಬೋರಲು ಹಾಕಿದಳು. ಪಕ್ಕದಲ್ಲಿ ಬಾಯಿ ಇಡುವಷ್ಟು ತೂತು. ಮಿನಾರಿಗೆ ಅಗರಬತ್ತಿಯ ಡಬ್ಬಿಗಳು, ಅದರಲ್ಲೊಂದು ಗಿಡ್ಡ.

"ಗುಮ್ಮಟಕ್ಕೆ ಬಣ್ಣ ಬೇಡ್ವೇನೇ?"

"ಹಚ್ಚಿದ್ರೆ ಸೌಂಡ್ ಬರಲ್ಲ ಅಮ್ಮಾ."

ತೂತಿಗೆ ಬಾಯಿಟ್ಟು ಕೂ ಎಂದಳು. ಬೋಗುಣಿ ಗುಂಯ್ ಎಂದಿತು, ಅಷ್ಟೇ. "ಅಲ್ಲಿ ಅಷ್ಟು ಸಲ ವಾಪಸ್ ಬಂತಲ್ಲ, ಇಲ್ಯಾಕೆ ಬರಲ್ಲ?" ಉತ್ತರಕ್ಕಾಗಿ ನಾನೂ ಓದಬೇಕಾಯಿತು. ಕೂಗಿದ್ದು, ಮರಳಿದ್ದು ಎರಡೂ ಬೇರೆಬೇರೆಯಾಗಿ ಕೇಳಬೇಕಾದರೆ ನಡುವೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟಾದರೂ ಬಿಡುವು ಬೇಕು. ಅಂದರೆ ಎದುರಿನ ಗೋಡೆ ಸುಮಾರು 17 ಮೀಟರ್ ದೂರವಿರಬೇಕು. 1656ರ ಆ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್, ಅದರಡಿ ಒಂದು ಕಂಬವೂ ಇಲ್ಲ. ನಮ್ಮ ಬೋಗುಣಿ ಒಂದು ಗೇಣು. ಅವಳು ಗೇಣು ಹಾಕಿ ನೋಡಿ, ಆಮೇಲೆ ಹಾಲಿನ ಉದ್ದವನ್ನು ಹೆಜ್ಜೆಯಲ್ಲಿ ಅಳೆಯಲು ಹೋದಳು. ನಾನು ಕತ್ತರಿಸಬೇಕೆಂದಿದ್ದ ಎಸಳುಗಳಿಂದ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ, ಎಷ್ಟೇ ಚಂದ ಬಂದಿದ್ದರೂ.

ಪ್ರದರ್ಶನದ ದಿನ ಹಂಪಿಯ ಕಲ್ಲಿನ ರಥಗಳು ಸಾಲಾಗಿ ಹೊಳೆಯುತ್ತಿದ್ದವು. ಅಂಗಡಿಯಲ್ಲಿ ರೆಡಿಮೇಡ್ ಸಿಗುತ್ತವೆ. ಕೆಲಸದಿಂದ ರಾತ್ರಿ ಮನೆ ಸೇರುವ ಅಪ್ಪ-ಅಮ್ಮಂದಿರನ್ನು ನಾನಂತೂ ದೂರಲಾರೆ. ಆದರೆ ಆ ರಥಗಳ ಮುಂದೆ ಅವನ್ನು ತಂದ ಮಕ್ಕಳೇ ನಿಂತಿರಲಿಲ್ಲ. ಎಲ್ಲರೂ ಡಬ್ಬದೊಳಗೆ ಕೂಗಲು ಕ್ಯೂ ಹಚ್ಚಿದ್ದರು. ಪಕ್ಕದ ಕ್ಲಾಸಿಗೆ ಪಾಠ ಕೇಳುತ್ತಿಲ್ಲವೆಂದು ಮಿಸ್ಸು ಗುಮ್ಮಟವನ್ನು ಕಾರಿಡಾರಿಗೆ ಸಾಗಹಾಕಿದರು.

ಈಗ ನಮ್ಮ ಮನೆಯಲ್ಲಿ ಕಟರ್ ಮತ್ತು ಗ್ಲೂ ಗನ್ ನನ್ನ ಪಾಲು, ಉಳಿದದ್ದೆಲ್ಲ ಅವಳದು. ಕಸುಬಿನ ಗುಟ್ಟನ್ನು ಕೇಳಿದರಷ್ಟೇ ಹೇಳುವುದು. ಚಂದ್ರಯಾನ-3ರ ಮಾಡೆಲಿಗೆ ಥರ್ಮಾಕೋಲ್ ಉಂಡೆ ತಂದಾಗ, ಸ್ಪ್ರೇ ಪೇಂಟ್ ತಗುಲಿದರೆ ಇದು ಕರಗುತ್ತದೆ, ಅದರಲ್ಲಿರುವ ಥಿನ್ನರ್ ಥರ್ಮಾಕೋಲನ್ನು ತಿನ್ನುತ್ತದೆ ಎಂದು ಎಚ್ಚರಿಸಿದೆ. ಅವಳ ಮುಖ ಅರಳಿತು. ಚಂದ್ರನ ಕುಳಿಗಳಿಗೆ ಅದೇ ಬೇಕಿತ್ತಂತೆ! ಬಾಲ್ಕನಿಯಲ್ಲಿ ಕೂತು, ತೋರಿಸಿದ ಕಡೆಗೆಲ್ಲ ನಾನು ಬ್ರಶ್ಶಿನಿಂದ ಥಿನ್ನರ್ ಹನಿ ಬಿಟ್ಟೆ. ದಕ್ಷಿಣ ಧ್ರುವದ ಹತ್ತಿರ ವಿಕ್ರಮ್ ಇಳಿಯುವ ಜಾಗಕ್ಕೆ ಮಾತ್ರ ಒಂದು ಹನಿಯೂ ಬೀಳಕೂಡದೆಂದು ಬೆರಳು ಅಡ್ಡ ಹಿಡಿದು ಕೂತಿದ್ದಳು.