ಬೆಟ್ಟದ ದಾರಿಗೆ ಬಿರುಸಿನ ಪುಟ್ಟ ಕಾರು: ಕೊಳ್ಳುವ ಮುನ್ನ, ಕೊಂಡ ಮೇಲೆ

ಹೊರಗಿನಿಂದ ನೋಡಿದರೆ ಮನೆಮಂದಿ ಓಡಾಡುವ ಸಾಮಾನ್ಯ ಸಣ್ಣ ಕಾರು. ಬಾನೆಟ್ಟಿನೊಳಗೆ ಮಾತ್ರ ಟರ್ಬೊ ಎಂಜಿನ್. ಇಂಥ ಕಾರುಗಳಿಗೆ ‘ಹಾಟ್ ಹ್ಯಾಚ್’ ಎನ್ನುತ್ತಾರೆ. 2013ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ, 2015ರ ಅಬಾರ್ತ್ ಪುಂಟೊ, 2017ರ ಮಾರುತಿ ಬಲೆನೊ ಆರ್‌ಎಸ್, 2018ರ ಟಾಟಾ ಟಿಯಾಗೊ ಜೆಟಿಪಿ, 2021ರ ಹುಂಡೈ ಐ20 ಎನ್ ಲೈನ್ ಈ ಸಾಲಿನವು. ಐ20 ಬಿಟ್ಟರೆ ಉಳಿದ ನಾಲ್ಕೂ 2022ರ ಹೊತ್ತಿಗೆ ಶೋರೂಮಿನಿಂದ ಮರೆಯಾದವು. ಆದ್ದರಿಂದ ಇವನ್ನು ಬಯಸುವವರಿಗೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯೇ ಗತಿ. ಕೊಳ್ಳೇಗಾಲ, ಹನೂರು, ಯಳಂದೂರಿನ ಯುವಕರು ಮೈಸೂರು, ಬೆಂಗಳೂರು, ಕೊಯಮತ್ತೂರಿನ ಕಡೆ ಇಂಥ ಕಾರು ಹುಡುಕುವಾಗ ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಹಾರ್ಸ್‌ಪವರ್?’ ಎಂಬುದು. ಈ ಮೂರು ತಾಲ್ಲೂಕುಗಳ ಮಟ್ಟಿಗೆ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಇಲ್ಲಿ ಕಾರಿನ ಬೆಲೆ ನಿರ್ಧಾರವಾಗಬೇಕಾದದ್ದು ಸವೆಯುವ ಭಾಗಗಳ ಮೇಲೆ: ಬ್ರೇಕು, ಟೈರು, ಸಸ್ಪೆನ್ಷನ್, ಕ್ಲಚ್ಚು, ಕೂಲಂಟು. ಶಕ್ತಿ ಹೆಚ್ಚಿರುವ ಕಾರನ್ನಲ್ಲ, ಚೆನ್ನಾಗಿ ಸಾಕಿದ ಕಾರನ್ನು ಕೊಳ್ಳಬೇಕು. ಯಾಕೆ, ಹೇಗೆ ಎಂಬುದನ್ನು ಹಂತ ಹಂತವಾಗಿ ನೋಡೋಣ.

ಹಂತ 1: ನಿಮ್ಮ ದಾರಿ ಯಾವುದೆಂದು ಮೊದಲು ತೀರ್ಮಾನಿಸಿ

ಇಲ್ಲಿನ ಓಡಾಟಕ್ಕೆ ಮೂರು ಬಗೆಯ ರಸ್ತೆಗಳಿವೆ. ಮೊದಲನೆಯದು ಬೆಂಗಳೂರಿನಿಂದ ಮಳವಳ್ಳಿ, ಕೊಳ್ಳೇಗಾಲ, ಯಳಂದೂರು, ಚಾಮರಾಜನಗರ ಹಾದು ದಿಂಬಂ ಘಟ್ಟ ಇಳಿದು ಕೊಯಮತ್ತೂರು ಸೇರುವ ರಾಷ್ಟ್ರೀಯ ಹೆದ್ದಾರಿ 948. ಎರಡನೆಯದು ಹನೂರು, ತಾಳಬೆಟ್ಟದ ಮೂಲಕ ಮಲೆ ಮಹದೇಶ್ವರ (ಮಾದಪ್ಪನ) ಬೆಟ್ಟಕ್ಕೆ ಏರುವ ತಿರುವುಗಳ ದಾರಿ. ಮೂರನೆಯದು ಯಳಂದೂರಿನಿಂದ ಹುಲಿ ಸಂರಕ್ಷಿತ ಪ್ರದೇಶದೊಳಗೆ ಸಾಗಿ ಬಿಳಿಗಿರಿರಂಗನ ಬೆಟ್ಟ ತಲುಪುವ ಕಾಡಿನ ರಸ್ತೆ. ಮೂರರಲ್ಲೂ ಅತಿವೇಗಕ್ಕೆ ಅವಕಾಶವಿಲ್ಲ. ಹಾಗಿದ್ದರೆ ಟರ್ಬೊ ಕಾರು ಏಕೆ ಬೇಕು ಎಂಬ ಆಕ್ಷೇಪ ಸಹಜ. ಅದಕ್ಕೆ ಉತ್ತರ ಗರಿಷ್ಠ ವೇಗದಲ್ಲಿಲ್ಲ, ಕಡಿಮೆ ಆರ್‌ಪಿಎಂನಲ್ಲಿ ಸಿಗುವ ಎಳೆತದಲ್ಲಿದೆ. ಅದೇ ಕಾಲದ ಸಾಮಾನ್ಯ ಬಲೆನೊ 1.2 ಪೆಟ್ರೋಲ್ ಎಂಜಿನ್ 4,000 ಆರ್‌ಪಿಎಂನಲ್ಲಿ 115 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತಿತ್ತು. ಬಲೆನೊ ಆರ್‌ಎಸ್‌ನ 1 ಲೀಟರ್ ಟರ್ಬೊ ಎಂಜಿನ್ 1,700ರಿಂದ 4,500 ಆರ್‌ಪಿಎಂವರೆಗೂ 150 ಕೊಡುತ್ತದೆ. ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು ಹೇರಿಕೊಂಡು ಘಟ್ಟದ ತಿರುವಿನಲ್ಲಿ ವೇಗ ತಗ್ಗಿಸಿ ಮತ್ತೆ ಏರುವಾಗ, ಕುಂತೂರಿನ ಕಡೆ ಎರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರನ್ನು ದಾಟುವಾಗ ನೆರವಿಗೆ ಬರುವುದು ಈ ಎಳೆತವೇ. ಎದುರು ಪಥದಲ್ಲಿ ಇರಬೇಕಾದ ಸಮಯ ಕಡಿಮೆಯಾದಷ್ಟೂ ಅಪಾಯ ಕಡಿಮೆ. ಈ ಕಾರಿನ ನಿಜವಾದ ಉಪಯೋಗ ಇಷ್ಟೇ. ಆದರೆ ಈ ಉಪಯೋಗ ಸಣ್ಣದಲ್ಲ.

ಏರಿದವನು ಇಳಿಯಲೇಬೇಕು. ಬೆಟ್ಟ ಹತ್ತುವಾಗ ಎಂಜಿನ್‌ಗೆ ಪರೀಕ್ಷೆ, ಇಳಿಯುವಾಗ ಬ್ರೇಕಿಗೆ. ಪುಂಟೊ, ಬಲೆನೊ ಆರ್‌ಎಸ್, ಐ20 ಎನ್ ಲೈನ್‌ಗಳಿಗೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇದೆ. ಪೋಲೊ ಜಿಟಿ, ಟಿಯಾಗೊ ಜೆಟಿಪಿಗಳಿಗೆ ಹಿಂದೆ ಡ್ರಮ್. ಡ್ರಮ್ ಇದ್ದ ಮಾತ್ರಕ್ಕೆ ಕಾರು ಕೆಟ್ಟದ್ದೆಂದಲ್ಲ. ಆದರೆ ಬೆಟ್ಟಕ್ಕೆ ಪದೇ ಪದೇ ಹೋಗುವವರು ಎರಡು ಕಾರುಗಳ ನಡುವೆ ಅನುಮಾನದಲ್ಲಿದ್ದರೆ 10 ಹಾರ್ಸ್‌ಪವರ್ ಹೆಚ್ಚಿರುವುದಕ್ಕಿಂತ ಬ್ರೇಕ್ ಚೆನ್ನಾಗಿರುವುದನ್ನೇ ಆರಿಸಬೇಕು.

ಹಂತ 2: ಬಿಡಿಭಾಗ ಸಿಗುವ ಮಾದರಿಯನ್ನೇ ಆರಿಸಿ

ಈ ಕಾರುಗಳ ಎಂಜಿನ್, ಗೇರ್‌ಬಾಕ್ಸ್ ಬಲ್ಲ ಕಂಪನಿ ಸರ್ವಿಸ್‌ಗೆ ಸಾಮಾನ್ಯವಾಗಿ ಮೈಸೂರಿಗೇ ಹೋಗಬೇಕು. ಕೊಳ್ಳೇಗಾಲದಿಂದ ಸುಮಾರು 60 ಕಿ.ಮೀ., ಹನೂರಿನವರಿಗೆ ಇನ್ನೂ ದೂರ. ಕೆಟ್ಟು ನಿಂತ ಕಾರನ್ನು ಎಳೆಸಿಕೊಂಡು ಹೋಗುವ ಖರ್ಚೂ ಕಾರಿನ ಬೆಲೆಯ ಒಂದು ಭಾಗವೇ. ಈ ಕಣ್ಣಿನಿಂದ ನೋಡಿದರೆ ಆಯ್ಕೆ ಸುಲಭವಾಗುತ್ತದೆ. ಪಟ್ಟಿಯಲ್ಲಿ ಅತ್ಯಂತ ಶಕ್ತಿಯುತವಾದದ್ದು ಅಬಾರ್ತ್ ಪುಂಟೊ: 1.4 ಲೀಟರ್ ಟರ್ಬೊ, 145 ಹಾರ್ಸ್‌ಪವರ್. ಆದರೆ ಫಿಯೆಟ್ ಇಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿದೆ. ಅದರ ನೆಲದಂತರವೂ 155 ಮಿ.ಮೀ. ಮಾತ್ರ, ಹಳ್ಳಿಗಳ ಎತ್ತರದ ಹಂಪುಗಳಿಗೆ ಹೊಟ್ಟೆ ತಗಲುತ್ತದೆ. ಟಿಯಾಗೊ ಜೆಟಿಪಿಯನ್ನು ಟಾಟಾ ಜೊತೆಗೂಡಿ ರೂಪಿಸಿದ್ದು ಇದೇ ಹೆದ್ದಾರಿಯ ತುದಿಯಲ್ಲಿರುವ ಕೊಯಮತ್ತೂರಿನ ಜಯಂ ಆಟೊಮೋಟಿವ್ಸ್. ಅದರ ಎಂಜಿನ್ ನೆಕ್ಸಾನ್ ಕಾರಿನದೇ ವಂಶದ್ದು, ಹಾಗಾಗಿ ಎಂಜಿನ್ ಭಾಗಗಳಿಗೆ ಹುಡುಕಾಟ ಕಡಿಮೆ. ಜೆಟಿಪಿಗೆಂದೇ ಮಾಡಿದ ಬಂಪರ್, ಸ್ಪ್ರಿಂಗ್‌ಗಳಿಗೆ ಹೆಚ್ಚು. ಬಲೆನೊ ಆರ್‌ಎಸ್‌ನ ಬೂಸ್ಟರ್‌ಜೆಟ್ ಎಂಜಿನ್ ಈಗಿನ ಫ್ರಾಂಕ್ಸ್ ಕಾರಿನಲ್ಲೂ ಇದೆ.

ಪೋಲೊ ಕೊಳ್ಳುವವರು ಗೇರ್‌ಬಾಕ್ಸ್ ನೋಡಿ ಬೆಲೆ ಕಟ್ಟಬೇಕು. 2013ರಿಂದ ಬಂದ 1.2 ಟಿಎಸ್‌ಐ ಕಾರಿನಲ್ಲಿರುವುದು 7 ಗೇರಿನ ಡಿಎಸ್‌ಜಿ, ಅಂದರೆ ಎಣ್ಣೆಯಲ್ಲಿ ಮುಳುಗದ ಎರಡು ಒಣ ಕ್ಲಚ್ಚುಗಳ ಆಟೊಮ್ಯಾಟಿಕ್. ಖಾಲಿ ಹೆದ್ದಾರಿಯಲ್ಲಿ ಅದು ಬಹಳ ಹಿತ. ಅಮಾವಾಸ್ಯೆಯ ದಿನ, ಶಿವರಾತ್ರಿ ಜಾತ್ರೆಯಲ್ಲಿ, ಪಾದಯಾತ್ರಿಗಳ ಸಾಲಿನ ಹಿಂದೆ ಮಾದಪ್ಪನ ಬೆಟ್ಟದ ಏರಿನಲ್ಲಿ ಗಂಟೆಗಟ್ಟಲೆ ತೆವಳುವುದು ಮಾತ್ರ ಅದಕ್ಕೆ ಆಗಿಬರುವುದಿಲ್ಲ. ಅರ್ಧ ಹಿಡಿದ ಒಣ ಕ್ಲಚ್ಚು ಕಾದು ಬೇಗ ಸವೆಯುತ್ತದೆ. ಅದನ್ನು ನಿಯಂತ್ರಿಸುವ ಮೆಕಾಟ್ರಾನಿಕ್ ಘಟಕ ಕೈಕೊಟ್ಟರೆ ದುರಸ್ತಿ ದುಬಾರಿ. 2020ರಿಂದ ಬಂದ 1 ಲೀಟರ್ ಟಿಎಸ್‌ಐ ಆಟೊಮ್ಯಾಟಿಕ್‌ನಲ್ಲಿರುವುದು 6 ಗೇರಿನ ಟಾರ್ಕ್ ಕನ್ವರ್ಟರ್. ಈ ಕೆಲಸಕ್ಕೆ ಅದೇ ಮೇಲು. ಬೆಟ್ಟದ ಕಡೆಯೇ ಹೆಚ್ಚು ಓಡಾಟವಿದ್ದರೆ ಮ್ಯಾನ್ಯುಯಲ್ ಗೇರಿನ ಕಾರು ಎಲ್ಲಕ್ಕಿಂತ ನೆಮ್ಮದಿ: ಅದರ ಕ್ಲಚ್ ಪ್ಲೇಟು ಬದಲಿಸುವ ಮೆಕ್ಯಾನಿಕ್ ಊರಲ್ಲೇ ಸಿಗುತ್ತಾನೆ.

ಹಂತ 3: ತಣ್ಣಗಿರುವ ಕಾರನ್ನು ನೋಡಿ, ಬಿಸಿಯಾಗುವವರೆಗೆ ಓಡಿಸಿ

‘ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ’ ಎಂದು ಮಾರುವವರಿಗೆ ಮೊದಲೇ ಹೇಳಿ. ತಣ್ಣನೆಯ ಎಂಜಿನ್ ಮೊದಲ ಕೆಲವು ಸೆಕೆಂಡಿನಲ್ಲಿ ತನ್ನ ಕಥೆಯನ್ನೆಲ್ಲ ಹೇಳುತ್ತದೆ. ಟೈಮಿಂಗ್ ಚೈನಿನ ಗಲಗಲ ಸದ್ದು, ಸೈಲೆನ್ಸರಿನಿಂದ ನೀಲಿ ಹೊಗೆ, ನಿಲ್ಲದ ಅದುರಾಟ ಇದ್ದರೆ ಅಲ್ಲಿಂದಲೇ ಹಿಂದಿರುಗಬಹುದು. ಎಂಜಿನ್ ತಣ್ಣಗಿರುವಾಗಲೇ ಕೂಲಂಟ್ ಡಬ್ಬಿಯ ಮುಚ್ಚಳ ತೆಗೆದು ನೋಡಿ. ಬಣ್ಣವಿರುವ ಕೂಲಂಟ್ ಬದಲು ಬರಿ ನೀರು, ತುಕ್ಕಿನ ಕೆಂಪು, ಎಣ್ಣೆಯ ಪದರ ಕಂಡರೆ ಆ ಎಂಜಿನ್ ಒಮ್ಮೆಯಾದರೂ ಕಾದಿದೆ ಎಂದು ಅನುಮಾನಿಸಬೇಕು. ನಂತರ ಟೈರಿನ ಪಕ್ಕ ಕುಳಿತು ಬದಿಯಲ್ಲಿ ಡಿಒಟಿ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟೈರು. ಗೀರು ಎಷ್ಟೇ ಆಳವಾಗಿದ್ದರೂ ವಯಸ್ಸಾದ ರಬ್ಬರು ಗಟ್ಟಿಯಾಗಿ ಮಳೆಯಲ್ಲಿ ಹಿಡಿತ ಕೊಡದು. ನಾಲ್ಕು ಟೈರಿನ ಕಂಪನಿ ನಾಲ್ಕು ಆಗಿದ್ದರೆ, ಒಳಬದಿ ಮಾತ್ರ ಸವೆದಿದ್ದರೆ, ಹಳೆಯ ಮಾಲೀಕ ಎಲ್ಲೆಲ್ಲಿ ಉಳಿತಾಯ ಮಾಡಿದ್ದಾನೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಓಡೋಮೀಟರ್ ತಿರುಗಿಸಬಹುದು, ಸ್ಟೇರಿಂಗ್, ಪೆಡಲ್, ಡ್ರೈವರ್ ಸೀಟಿನ ಅಂಚಿನ ಸವೆತವನ್ನು ತಿರುಗಿಸಲಾಗದು.

ಓಡಿಸಿ ನೋಡುವುದು ಪೇಟೆಬೀದಿಯಲ್ಲಿ ಮುಗಿಯಬಾರದು. ಕಾರು ಮೈಸೂರಿನಲ್ಲಿದ್ದರೆ ಚಾಮುಂಡಿ ಬೆಟ್ಟ ಹತ್ತಿಸಿ ಇಳಿಸಿ. ಹತ್ತುವಾಗ ಗೇರು ಜಾರುತ್ತದೆಯೇ, ಟೆಂಪರೇಚರ್ ಏರುತ್ತದೆಯೇ ನೋಡಿ. ಇಳಿಯುವಾಗ ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗಿದರೆ ಡಿಸ್ಕ್ ಸೊಟ್ಟಗಾಗಿದೆ. ಪೆಡಲ್ ಮೆತ್ತಗಾದರೆ ಬ್ರೇಕ್ ಆಯಿಲ್ ಹಳತಾಗಿರಬಹುದು. ಒಂದು ಹಂಪಿನ ಮೇಲೆ ನಿಧಾನಕ್ಕೆ ಹಾಯಿಸಿ ಕಿವಿಗೊಡಿ: ‘ಟಕ್’ ಎಂದರೆ ಲೋವರ್ ಆರ್ಮ್ ಬುಷ್ ಅಥವಾ ಲಿಂಕ್ ರಾಡ್ ಹೋಗಿದೆ. ಕೊನೆಗೆ ಮೆಕ್ಯಾನಿಕ್ ಕೈಯಲ್ಲಿ ಸ್ಕ್ಯಾನರ್ ಹಾಕಿಸಿ ಎಂಜಿನ್, ಗೇರ್‌ಬಾಕ್ಸ್ ಎರಡರ ಕೋಡುಗಳನ್ನೂ ಓದಿಸಿ.

ರೀಮ್ಯಾಪ್ ಮಾಡಿಸಿದ, ದೊಡ್ಡ ಸೈಲೆನ್ಸರ್ ಕೂರಿಸಿದ ಕಾರು ಕಡಿಮೆ ಬೆಲೆಗೆ ಹೆಚ್ಚು ಪವರ್ ಕೊಡುತ್ತದಲ್ಲ ಎನ್ನುವವರಿದ್ದಾರೆ. ಕಂಪನಿ ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚು ಒತ್ತಡದಲ್ಲಿ ಟರ್ಬೊ, ಕ್ಲಚ್ಚು ಎಷ್ಟು ಕಾಲ ಬಾಳುತ್ತವೆ ಎಂಬುದಕ್ಕೆ ಯಾರೂ ಜವಾಬ್ದಾರಿ ಹೊರುವುದಿಲ್ಲ. ಕಾನೂನೂ ಇದೆ: ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಅಪಘಾತವಾದಾಗ ವಿಮೆಯವರು ತಕರಾರು ತೆಗೆಯಲು ಇಂಥದ್ದೊಂದು ಸಾಕು.

ಹಂತ 4: ಹಣ ಕೊಡುವ ಮೊದಲು ಕಾಗದ

ಆರ್‌ಸಿಯಲ್ಲಿನ ಎಂಜಿನ್, ಚಾಸಿ ಸಂಖ್ಯೆಯನ್ನು ಕಾರಿನ ಮೇಲಿನದರ ಜೊತೆ ನೀವೇ ಹೋಲಿಸಿ. ಪರಿವಾಹನ್ ತಾಣದಲ್ಲಿ ಬಾಕಿ ದಂಡ, ವಿಮೆ, ಸಾಲದ ನಮೂದು ನೋಡಿ. ಸಾಲ ತೀರಿದ್ದರೂ ಹೆಸರು ಹಾಗೇ ಉಳಿದಿದ್ದರೆ ಬ್ಯಾಂಕಿನ ಪತ್ರ, ಫಾರಂ 35 ಬೇಕು. ವರ್ಗಾವಣೆಗೆ ಫಾರಂ 29 ಮತ್ತು 30. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ಸತ್ಯಮಂಗಲ, ಕೊಯಮತ್ತೂರಿನ ಕಾರು ಅಗ್ಗವೆಂದು ಕಂಡರೆ ಪೂರ್ತಿ ಲೆಕ್ಕ ಹಾಕಿ: ಅಲ್ಲಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿ ಕಾರಿನ ವಯಸ್ಸಿಗೆ ತಕ್ಕ ಜೀವಾವಧಿ ತೆರಿಗೆ ಕಟ್ಟಿ ಹೊಸ ಸಂಖ್ಯೆ ಪಡೆಯಬೇಕು. ಅಷ್ಟರಲ್ಲಿ ಅಗ್ಗವೆಲ್ಲ ಕರಗಿರುತ್ತದೆ.

ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಬೇಕು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಅವರದೇ, ನಿಮಗೆ ಬರುವುದಿಲ್ಲ. ‘ಪರಿಚಯದವರೇ, ಆರ್‌ಸಿ ಆಮೇಲೆ ಮಾಡಿಸಿದರಾಯಿತು’ ಎಂಬ ಮಾತು ನಮ್ಮ ಕಡೆ ಸಾಮಾನ್ಯ. 2018ರಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಾರು ಎಷ್ಟು ಕೈ ಬದಲಾಗಿದ್ದರೂ ಅಪಘಾತ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿದ್ದವರದೇ ಎಂದಿತು. ಮಾರುವವರಿಗೆ ಈ ತೀರ್ಪು ತಿಳಿಸಿದರೆ ಅವರೇ ನಿಮಗಿಂತ ಮೊದಲು ಸಾರಿಗೆ ಕಚೇರಿಗೆ ಹೊರಡುತ್ತಾರೆ.

ಹಂತ 5: ಕೊಂಡ ಮೇಲೆ ಸಾಕುವ ಕ್ರಮ

ಕೈಯಲ್ಲಿ 5 ಲಕ್ಷ ರೂಪಾಯಿ ಇದ್ದರೆ 4 ಲಕ್ಷದ ಕಾರು ನೋಡಿ. ಉಳಿದದ್ದು ವರ್ಗಾವಣೆ, ವಿಮೆ, ಟೈರು, ಬ್ರೇಕ್ ಪ್ಯಾಡು, ಎಲ್ಲ ಆಯಿಲ್ ಬದಲಾವಣೆಗೆ. ಪುಸ್ತಕದಲ್ಲಿ ಏನೇ ಬರೆದಿದ್ದರೂ ಮೊದಲ ದಿನವೇ ಎಂಜಿನ್ ಆಯಿಲ್, ಫಿಲ್ಟರ್‌ಗಳು, ಬ್ರೇಕ್ ಆಯಿಲ್, ಕೂಲಂಟ್ ಹೊಸದು ಹಾಕಿಸಿ; ನಿಮ್ಮ ಲೆಕ್ಕ ಅಲ್ಲಿಂದ ಶುರುವಾಗಲಿ. ಟರ್ಬೊ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಅದನ್ನು ತಣಿಸಿ ಕಾಯುವುದು ಎಂಜಿನ್ ಆಯಿಲ್. ಆದ್ದರಿಂದ ಕಂಪನಿ ಹೇಳಿದ ದರ್ಜೆಯ ಸಿಂಥೆಟಿಕ್ ಆಯಿಲ್ ಬಿಟ್ಟು ಬೇರೆ ಬೇಡ. ಬೆಟ್ಟ ಹತ್ತಿ ದೇವಸ್ಥಾನದ ಬಳಿ ನಿಲ್ಲಿಸಿದ ಕೂಡಲೇ ಕೀ ತಿರುಗಿಸಬೇಡಿ. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ. ಇಲ್ಲವಾದರೆ ಕಾದ ಟರ್ಬೊದೊಳಗೆ ನಿಂತ ಎಣ್ಣೆ ಸುಟ್ಟು ಕರಿಯಾಗಿ ಕಟ್ಟಿಕೊಳ್ಳುತ್ತದೆ. ಇಳಿಯುವಾಗ 2ನೇ ಅಥವಾ 3ನೇ ಗೇರಿನಲ್ಲೇ ಇಳಿಯಿರಿ, ಬ್ರೇಕ್ ಮೇಲೆ ಕಾಲಿಟ್ಟೇ ಇರಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಿ.

ಒಕ್ಕಣೆಯ ಕಾಲದಲ್ಲಿ ಇನ್ನೊಂದು ಎಚ್ಚರ ಬೇಕು. ರಸ್ತೆಯ ಮೇಲೆ ಹರಡಿದ ಹುರುಳಿ ಸೊಪ್ಪಿನ ಮೇಲೆ ತಗ್ಗಾದ ಕಾರು ಓಡಿದರೆ ಬಳ್ಳಿ ಚಕ್ರದ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ, ಕಾದ ಸೈಲೆನ್ಸರಿಗೆ ತಾಗಿ ಹೊತ್ತಿಕೊಳ್ಳಲೂಬಹುದು. ಬಳಸಿ ಹೋಗಿ, ಸಾಧ್ಯವಾಗದಿದ್ದರೆ ದಾಟಿದ ಮೇಲೆ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ. ಕಾಡಿನ ರಸ್ತೆಯಲ್ಲಿ ಮಾತ್ರ ಯಾವ ಎಂಜಿನ್ನಿನ ಪರೀಕ್ಷೆಯೂ ಬೇಡ. ಅಲ್ಲಿ ತಿರುವಿನಾಚೆ ಜಿಂಕೆಯೋ ಆನೆಯೋ ನಿಂತಿರಬಹುದು, ದಾರಿ ಮೊದಲು ಅವುಗಳದು.

ಇಷ್ಟೆಲ್ಲ ತೊಂದರೆಗಿಂತ ಸಾಮಾನ್ಯ ಸ್ವಿಫ್ಟ್ ಕೊಳ್ಳಬಾರದೇ ಎಂದು ಮನೆಯ ಹಿರಿಯರು ಕೇಳುತ್ತಾರೆ. ವರ್ಷಕ್ಕೆರಡು ಸಲ ಬೆಟ್ಟಕ್ಕೆ ಹೋಗಿ ಉಳಿದಂತೆ ಪೇಟೆಯಲ್ಲೇ ಓಡಿಸುವವರಿಗೆ ಅವರ ಮಾತು ಪೂರ್ತಿ ಸರಿ. ವಾರವಾರವೂ ಘಟ್ಟ ಹತ್ತುವ, ಓಡಿಸುವುದನ್ನು ಪ್ರೀತಿಸುವ, ಸರ್ವಿಸ್ ತಪ್ಪಿಸದ ಶಿಸ್ತಿರುವವರಿಗೆ ಮಾತ್ರ ಈ ಕಾರು ಕೊಟ್ಟ ಹಣಕ್ಕೆ ಮೋಸ ಮಾಡುವುದಿಲ್ಲ. ಅಂಥವರು ಒಬ್ಬನೇ ಮಾಲೀಕನ, ಏನೂ ಬದಲಿಸದ, ಸರ್ವಿಸ್ ದಾಖಲೆ ಪೂರ್ತಿಯಿರುವ ಕಾರು ಸಿಗುವವರೆಗೆ ಕಾಯಲಿ. ಮೂರು ತಿಂಗಳು ಕಾದರೂ ನಷ್ಟವಿಲ್ಲ. ಅವಸರದಲ್ಲಿ ಕೊಂಡ ಕಾರಿನ ನಷ್ಟ ಮೂರು ವರ್ಷ ತೀರುವುದಿಲ್ಲ.