ತೋಳ, ಇಲಿ ಮತ್ತು ಒಬ್ಬ ಶಿಕಾರಿ ಅಧಿಕಾರಿಯ ಟಿಪ್ಪಣಿ

ಶಿಕಾರಿ ದಿನಚರಿ ಎಂಬ ಬರವಣಿಗೆಯ ಬಗೆಯೊಂದಿದೆ ಎಂಬುದೇ ನಿಮಗೆ ಹೊಸ ಸಂಗತಿಯಾಗಿರಬಹುದು. ಸಂಕೋಚ ಬೇಡ, ಮೊದಲಿನಿಂದಲೇ ಆರಂಭಿಸೋಣ. ಹಗಲು ಬಂದೂಕು ಹಿಡಿದು ಅಲೆದವನು ರಾತ್ರಿ ಡೇರೆಯ ದೀಪದ ಬೆಳಕಿನಲ್ಲಿ ಕೂತು, ಎಲ್ಲಿ ನಡೆದೆ, ಏನು ಕಂಡೆ, ಏನು ಹೊಡೆದೆ ಎಂದು ಬರೆದಿಟ್ಟರೆ ಅದೇ ಶಿಕಾರಿ ದಿನಚರಿ. ಇಂಗ್ಲೆಂಡಿನಲ್ಲಿ ಇದಕ್ಕೆ ಹೆಸರಾದವರು ಕರ್ನಲ್ ಪೀಟರ್ ಹಾಕರ್ (1786–1853). ಚಳಿಗಾಲದಲ್ಲಿ ಕಡಲ ದಡಕ್ಕೆ ಇಳಿಯುವ ಬಾತು, ಹೆಬ್ಬಾತುಗಳ ಬೇಟೆ ಅವರ ಹುಚ್ಚು. 1802ರಲ್ಲಿ ಹಿಡಿದ ದಿನಚರಿಯನ್ನು ಅವರು ಸಾಯುವ ವರ್ಷದವರೆಗೂ ಬಿಡಲಿಲ್ಲ. ಅದು ಅಚ್ಚಾದದ್ದು 1893ರಲ್ಲಿ. ಎಷ್ಟು ಗುಂಡು, ಎಷ್ಟು ಹಕ್ಕಿ ಎಂಬ ಲೆಕ್ಕವೇ ಅದರ ತುಂಬ ಇದೆ.

ಈಗ ನಮ್ಮ ಕಡೆಗೆ ಬರೋಣ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿಯ ಓದುಗರಿಗೆ ನಾನು ಪರಿಚಯಿಸಲು ಬಯಸುವ ವ್ಯಕ್ತಿಯೂ ಬೇಟೆಗಾರರೇ, ಬರೆದಿಡುವ ಅಭ್ಯಾಸದವರೇ. ಆದರೆ ಬಿದ್ದ ಪ್ರಾಣಿಗಳ ಲೆಕ್ಕಕ್ಕಿಂತ ಬದುಕಿದ್ದ ಪ್ರಾಣಿಗಳ ನಡವಳಿಕೆ ಅವರಿಗೆ ಹೆಚ್ಚು ರುಚಿಸಿತು. ಹೆಸರು ವಾಲ್ಟರ್ ಎಲಿಯಟ್.

ಈ ಹೆಸರು ನಿಮಗೆ ಪೂರ್ತಿ ಅಪರಿಚಿತವೇನಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದದ್ದನ್ನು ಶಾಲೆಯಲ್ಲಿ ಓದಿದ್ದೀರಿ. ಅಂದು ರಾಣಿ ಚೆನ್ನಮ್ಮನ ಕಡೆಯವರು ಇಬ್ಬರು ಸಹಾಯಕ ಅಧಿಕಾರಿಗಳನ್ನು ಸೆರೆ ಹಿಡಿದರು: ಒಬ್ಬರು ಸ್ಟೀವನ್‌ಸನ್, ಇನ್ನೊಬ್ಬರು ಈ ಎಲಿಯಟ್. ಆಗ ಅವರ ವಯಸ್ಸು 21. 1803ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿ, ಹದಿಹರೆಯ ಕಳೆಯುವ ಮೊದಲೇ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸಿವಿಲ್ ಸೇವೆಗೆ ಸೇರಿದ್ದವರು. ಡಿಸೆಂಬರ್ ಮೊದಲಲ್ಲಿ ಬಿಡುಗಡೆಯಾದ ಮೇಲೆ ಊರಿಗೆ ಓಡಲಿಲ್ಲ. 1833ರವರೆಗೂ ಇದೇ ಸೀಮೆಯಲ್ಲಿ ಉಳಿದರು. ಚೆನ್ನಮ್ಮನ ಕತೆ ಹೇಳುವಾಗ ನಾವು ಅವರನ್ನು ಸೆರೆಮನೆಯಲ್ಲೇ ಬಿಟ್ಟು ಮುಂದೆ ಹೋಗುತ್ತೇವೆ. ನಮಗೆ ಬೇಕಾದ ಕತೆ ಶುರುವಾಗುವುದು ಅಲ್ಲಿಂದ ಮುಂದೆ.

ಅವರು ಕೆಲಸ ಮಾಡಿದ ಪ್ರದೇಶವನ್ನು ಕಂಪನಿಯ ಕಾಗದಗಳಲ್ಲಿ ‘ದಕ್ಷಿಣ ಮರಾಠಾ ಪ್ರಾಂತ್ಯ’ ಎಂದು ಕರೆಯುತ್ತಿದ್ದರು. ಜನ ಮಾತಾಡುತ್ತಿದ್ದದ್ದು ಕನ್ನಡ. ಪೇಶ್ವೆಗಳ ಆಳ್ವಿಕೆಯಿಂದ ಕಂಪನಿಗೆ ಬಂದ ನೆಲವಾದ್ದರಿಂದ ಆ ಹೆಸರು ಅಂಟಿತ್ತು. ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ ಆಗ ಹೈದರಾಬಾದಿನ ನಿಜಾಮನ ಕಡೆ ಇದ್ದವು. ಗಡಿಯ ಆಚೆಗೊಬ್ಬ ದೊರೆ, ಈಚೆಗೊಬ್ಬ ದೊರೆ. ಆದರೆ ಎರೆಭೂಮಿ ಒಂದೇ, ಜೋಳ ಒಂದೇ, ಕುರಿಹಿಂಡು ಒಂದೇ. ತೋಳಕ್ಕೆ ಗಡಿಯ ಗೊಡವೆ ಇರಲಿಲ್ಲ. ಹಾಗಾಗಿ ಎಲಿಯಟ್ ಧಾರವಾಡದ ಕಡೆ ಬರೆದದ್ದನ್ನು ನೀವು ಯಲಬುರ್ಗಾದ ಎರೆಹೊಲದ ಬದುವಿನ ಮೇಲೆ ಕೂತು ಓದಿದರೂ ಅದು ಒಪ್ಪುತ್ತದೆ.

ಅವರ ಬರಹ ಯಾವುದು? 1839ರಲ್ಲಿ ಮದ್ರಾಸಿನ ಒಂದು ವಿದ್ವತ್ ಪತ್ರಿಕೆಯಲ್ಲಿ ಅವರು ಈ ಪ್ರಾಂತ್ಯದ ಸಸ್ತನಿಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಸಸ್ತನಿಗಳೆಂದರೆ ಮರಿಗೆ ಹಾಲೂಡಿಸುವ ಪ್ರಾಣಿಗಳು: ಹುಲಿಯಿಂದ ಇಲಿಯವರೆಗೆ. ಪಟ್ಟಿ ಎಂದ ಕೂಡಲೇ ಒಣ ಹೆಸರುಗಳ ಸಾಲು ಎಂದುಕೊಳ್ಳಬೇಡಿ. ಅನೇಕ ಹೆಸರುಗಳ ಕೆಳಗೆ ಬೇಟೆಯ ದಿನಗಳಲ್ಲಿ ಕೂಡಿಟ್ಟ ಟಿಪ್ಪಣಿ ಇದೆ, ಎಷ್ಟೋ ಕಡೆ ಕನ್ನಡದ ಹೆಸರೂ ಇದೆ. ಮುಂದೆ ಥಾಮಸ್ ಜೆರ್ಡನ್ ಎಂಬ ವೈದ್ಯರು 1867ರಲ್ಲಿ ಭಾರತದ ಸಸ್ತನಿಗಳ ಬಗ್ಗೆ ದೊಡ್ಡ ಪುಸ್ತಕ ಬರೆದಾಗ ಈ ಟಿಪ್ಪಣಿಗಳನ್ನು ಉದ್ದುದ್ದವಾಗಿ ಎತ್ತಿಕೊಂಡರು.

ತೋಳದ ಟಿಪ್ಪಣಿಯನ್ನು ನಿಧಾನವಾಗಿ ನೋಡೋಣ. ಹಳೆಯ ಬೇಟೆ ಬರಹವನ್ನು ಓದುವ ಕ್ರಮವನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ತೋಳಗಳು ಗುಂಪಾಗಿ ಚಿಂಕಾರವನ್ನು (ಅದೊಂದು ಸಣ್ಣ ಜಾತಿಯ ಹುಲ್ಲೆ) ಬೆನ್ನಟ್ಟುವುದನ್ನು ತಾನೇ ಕಂಡಿದ್ದೇನೆ ಎಂದು ಎಲಿಯಟ್ ಹೇಳುತ್ತಾರೆ. ಇದು ಕಣ್ಣಾರೆ ಕಂಡ ಮಾತು. ಮೂರು ತೋಳಗಳು ಚಿಂಕಾರದ ಹಿಂಡನ್ನು ಒಂದು ಹಳ್ಳದ ಕಡೆಗೆ ಅಟ್ಟಿದವು, ಹಳ್ಳದೊಳಗೆ ಇನ್ನೆರಡು ಹೊಂಚುಹಾಕಿ ಮಲಗಿದ್ದವು, ಒಂದು ಹೆಣ್ಣು ಚಿಂಕಾರ ಸಿಕ್ಕಿಬಿತ್ತು ಎಂಬುದು ಮುಂದಿನ ಸಂಗತಿ. ಇಲ್ಲಿ ‘ನಾನು ಕಂಡೆ’ ಎಂಬ ಮಾತಿಲ್ಲ, ‘ಕಂಡುಬಂತು’ ಎಂದಿದೆ. ಆಮೇಲೆ ರೈತರ ನಂಬಿಕೆಯೊಂದು ಬರುತ್ತದೆ: ಮರೆಯೇ ಇಲ್ಲದ ಬಯಲಿನಲ್ಲಿ ತೋಳಗಳು ನೆಲ ಕೆರೆದು ಗುಂಡಿ ಮಾಡುತ್ತವೆ, ಅದರಲ್ಲೊಂದು ಅಡಗುತ್ತದೆ, ಉಳಿದವು ಜಿಂಕೆಯನ್ನು ಅದರ ಮೇಲೆಯೇ ಓಡಿಸಿಕೊಂಡು ಬರುತ್ತವೆ. ಕೊನೆಗೆ ಕುರಿಗಾರರ ಮಾತು: ಗುಂಪಿನಲ್ಲಿ ಕೆಲವು ನಾಯಿಗಳನ್ನು ಕೆಣಕಿ ಆಚೆ ಎಳೆಯುತ್ತವೆ, ಅಷ್ಟರಲ್ಲಿ ಉಳಿದವು ಕುರಿ ಹೊತ್ತೊಯ್ಯುತ್ತವೆ.

ಗಮನಿಸಿದಿರಾ? ಕಂಡದ್ದು ಬೇರೆ, ಕೇಳಿದ್ದು ಬೇರೆ, ನಂಬಿಕೆ ಬೇರೆ. ಮೂರನ್ನೂ ಬರೆಯುತ್ತಾರೆ, ಬೆರೆಸುವುದಿಲ್ಲ. ಹಾಕರ್‌ರ ದಿನಚರಿಗಿಂತ ಈ ಟಿಪ್ಪಣಿಗೆ ನಾನು ಹೆಚ್ಚು ಬೆಲೆ ಕೊಡುವುದು ಇದಕ್ಕಾಗಿಯೇ. ನೀವು ಯಾವುದೇ ಶಿಕಾರಿ ಪುಸ್ತಕ ತೆರೆದಾಗಲೂ ಪ್ರತಿ ವಾಕ್ಯಕ್ಕೂ ಇದೊಂದು ಪ್ರಶ್ನೆ ಕೇಳಿ: ಇದನ್ನು ಯಾರು ಕಂಡರು? ಉತ್ತರ ಸಿಗದ ಪುಸ್ತಕಗಳೇ ಹೆಚ್ಚು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಎರಡನೆಯ ಪಾಠ ಇಲಿಯದು. ಶಿಕಾರಿಯವರು ಇಲಿಯ ಬಗ್ಗೆ ಬರೆಯುವುದುಂಟೇ ಎಂದು ನಗಬೇಡಿ. ಹುಲಿಯ ಬಗ್ಗೆ ಎಲ್ಲರೂ ಬರೆದರು. ರೈತನ ಕಣಜ ಬರಿದಾಗಿಸಿದ್ದು ಇಲಿ.

ಎರೆಹೊಲದಲ್ಲಿ ಇರುವ ಮೆದು ತುಪ್ಪಳದ ಒಂದು ಇಲಿಯನ್ನು ಎಲಿಯಟ್ ವಿವರಿಸುತ್ತಾರೆ. ಅದು ತನಗೆಂದು ಒಳ್ಳೆಯ ಬಿಲ ತೋಡುವುದಿಲ್ಲ. ಪೊದೆಯ ಬುಡ, ಹೊಲದಲ್ಲಿ ಆಯ್ದು ಹಾಕಿದ ಕಲ್ಲಿನ ಗುಡ್ಡೆ, ಬೇರೆ ಇಲಿ ಬಿಟ್ಟುಹೋದ ಬಿಲ, ಇಲ್ಲವೇ ಬೇಸಿಗೆಯಲ್ಲಿ ಎರೆಮಣ್ಣು ಬಾಯಿಬಿಟ್ಟಾಗ ಆಗುವ ಆಳವಾದ ಬಿರುಕು, ಇಷ್ಟೇ ಅದರ ಮನೆ. ಮಳೆಗಾಲದ ಮೊದಲಲ್ಲಿ ಬಿರುಕುಗಳು ಕುಸಿದು ಮುಚ್ಚಿಕೊಳ್ಳುವಾಗ ಲೆಕ್ಕವಿಲ್ಲದಷ್ಟು ಇಲಿಗಳು ಒಳಗೇ ಸಾಯುತ್ತವೆ. ಇದು ವರ್ಷವರ್ಷ ನಡೆಯುವ ಲೆಕ್ಕ.

1826ರಲ್ಲಿ ಈ ಲೆಕ್ಕ ತಪ್ಪಿತು. ಮಳೆ ಆರಂಭದಲ್ಲೇ ಕೈಕೊಟ್ಟಿತು, ಇಲಿಗಳ ಸಂಖ್ಯೆ ಮಿತಿಮೀರಿತು. ಬಿತ್ತಿದ ಬೀಜವನ್ನು ಬಿತ್ತಿದ ಹಾಗೆಯೇ ತಿಂದವು. ಉಳಿದದ್ದು ಬೆಳೆದು ತೆನೆ ಕಟ್ಟಿದಾಗ ಜೋಳದ ದಂಟು ಹತ್ತಿ ತೆನೆಯನ್ನೇ ಕತ್ತರಿಸಿ ಕೆಡವಿದವು. ಇಡೀ ಹೊಲಗಳು ಹಾಳಾದದ್ದನ್ನು, ರೈತರು ಕಂದಾಯ ಕಟ್ಟಲಾರದೆ ಹೋದದ್ದನ್ನು ಎಲಿಯಟ್ ತಾವೇ ಕಂಡು ಬರೆದಿದ್ದಾರೆ. ರೈತರು ವಡ್ಡರನ್ನು, ಅಂದರೆ ಕೆರೆ ಅಗೆಯುವ ಕಸುಬಿನ ಸಮುದಾಯದವರನ್ನು, ಕರೆಸಿದರು. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಎಂದು ಮಾತಾಯಿತು. ಸಾವಿರಗಟ್ಟಲೆ ಕೊಂದರೂ ಇಲಿ ಕಡಿಮೆಯಾದಂತೆ ಕಾಣಲಿಲ್ಲ.

ಮಳೆ, ಮಣ್ಣು, ಇಲಿ, ಬೆಳೆ, ಕಂದಾಯ: ಒಂದನ್ನೊಂದು ಹಿಡಿದುಕೊಂಡಿರುವ ಕೊಂಡಿಗಳನ್ನು ಒಂದೇ ಟಿಪ್ಪಣಿ ಹಿಡಿದಿಟ್ಟಿದೆ. ಈಗ ಇದಕ್ಕೆ ಪರಿಸರ ವಿಜ್ಞಾನ ಎನ್ನುತ್ತಾರೆ. 200 ವರ್ಷಗಳ ಹಿಂದೆ ಇದು ಕುದುರೆ ಮೇಲೆ ಊರೂರು ತಿರುಗುತ್ತಿದ್ದ ಕಂದಾಯ ಅಧಿಕಾರಿಯೊಬ್ಬರ ಕುತೂಹಲವಷ್ಟೇ.

ಆ ಇಲಿಯನ್ನು ವಡ್ಡರು ಕರೆಯುತ್ತಿದ್ದ ಹೆಸರು ಮೆಟ್ಟಡ್. 1837ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರಜ್ಞ ಜಾನ್ ಎಡ್ವರ್ಡ್ ಗ್ರೇ ಅದಕ್ಕೆ ವೈಜ್ಞಾನಿಕ ಹೆಸರು, ಅಂದರೆ ಜಗತ್ತಿನ ಎಲ್ಲ ವಿಜ್ಞಾನಿಗಳೂ ಒಂದೇ ರೀತಿ ಬಳಸುವ ಹೆಸರು, ಕೊಟ್ಟಾಗ ಆ ಮಾತನ್ನೇ ಬಳಸಿದರು. ಇಂದಿಗೂ ಅದು ಮಿಲಾರ್ಡಿಯ ಮೆಲ್ಟಡ. ಅದೇ ಹೊತ್ತಿಗೆ ಗ್ರೇ ಹೆಸರಿಸಿದ ಇನ್ನೊಂದು ಇಲಿ ಗೊಲುಂಡ ಎಲಿಯಟೀ, ಎಲಿಯಟ್‌ರ ಹೆಸರನ್ನೇ ಹೊತ್ತಿದೆ.

ಎಲಿಯಟ್‌ರ ಉಳಿದ ಬದುಕನ್ನು ಬೇಗ ಹೇಳಿಬಿಡುತ್ತೇನೆ, ಪ್ರಾಣಿಗಳಷ್ಟು ಅದು ನಮಗಿಲ್ಲಿ ಬೇಕಿಲ್ಲ. ಧಾರವಾಡದ ಕಡೆ ಇದ್ದ ವರ್ಷಗಳಲ್ಲಿ ಅವರು ಕನ್ನಡ ಸೀಮೆಯ 595 ಶಾಸನಗಳ ಪ್ರತಿಗಳನ್ನು ಮಾಡಿಸಿ ಕೂಡಿಟ್ಟರು. ಚಾಲುಕ್ಯರ ವಂಶಾವಳಿ ಕುರಿತ 1837ರ ಅವರ ಲೇಖನ ಮುಂದೆ ಶಾಸನತಜ್ಞ ಫ್ಲೀಟ್ ಮಾಡಿದ ಕೆಲಸಕ್ಕೆ ದಾರಿಯಾಯಿತು. ಚಾರ್ಲ್ಸ್ ಡಾರ್ವಿನ್ 1856ರಲ್ಲಿ ಪತ್ರ ಬರೆದು ಭಾರತದ ಸಾಕು ಪಾರಿವಾಳ, ಕೋಳಿಗಳ ಚರ್ಮ ಬೇಕೆಂದು ಕೇಳಿದಾಗ ಕಳಿಸಿಕೊಟ್ಟವರೂ ಅವರೇ. 1860ರಲ್ಲಿ ನಿವೃತ್ತರಾದರು. ಕೊನೆಗಾಲದಲ್ಲಿ ಕಣ್ಣು ಹೆಚ್ಚುಕಡಿಮೆ ಹೋದಮೇಲೂ ದಕ್ಷಿಣ ಭಾರತದ ನಾಣ್ಯಗಳ ಬಗ್ಗೆ ಪುಸ್ತಕ ಮುಗಿಸಿದರು. 1887ರಲ್ಲಿ ತೀರಿಕೊಂಡರು.

ಅವರ ಬಂದೂಕನ್ನು ನಾನು ಮೆಚ್ಚುವುದಿಲ್ಲ. ಆ ಕಾಲದ ಶಿಕಾರಿ ನಮ್ಮ ಬಯಲುಗಳನ್ನು ಬರಿದು ಮಾಡಿದ್ದರಲ್ಲಿ ಪಾಲುದಾರ ಎಂಬುದನ್ನು ಮರೆಮಾಚಿ ಈ ಪುಸ್ತಕಗಳನ್ನು ಓದಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ, ಅದು ಹಾಗೆಯೇ ಇರಬೇಕು. ಅವರು ಕಂಡ ಚಿಂಕಾರವನ್ನು ನೋಡಲು ಈಗ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ಧಾಮಕ್ಕೆ ಹೋಗಬಹುದು. ತೋಳ ಮಾತ್ರ ನಮ್ಮಲ್ಲೇ ಉಳಿದಿದೆ: ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ಒಂದು ಧಾಮವಾಗಿದೆ.

ಇನ್ನೊಂದು ಕೊರತೆಯನ್ನೂ ಹೇಳಬೇಕು. ತೋಳದ ಟಿಪ್ಪಣಿಯಲ್ಲಿ ‘ಕುರಿಗಾರರು’ ಇದ್ದಾರೆ, ಇಲಿಯ ಟಿಪ್ಪಣಿಯಲ್ಲಿ ‘ವಡ್ಡರು’ ಇದ್ದಾರೆ. ಒಬ್ಬ ಕುರಿಗಾರನ ಹೆಸರಿಲ್ಲ, ಒಬ್ಬ ವಡ್ಡರವನ ಹೆಸರಿಲ್ಲ. ತಿಳಿವಳಿಕೆ ಅವರದು, ಅಚ್ಚಾದ ಹೆಸರು ಅಧಿಕಾರಿಯದು.

ಹೊಸದಾಗಿ ಓದಲು ಕೂತ ನಿಮಗೆ ನನ್ನ ಸಲಹೆ ಇಷ್ಟು. ಜೆರ್ಡನ್‌ರ ಪುಸ್ತಕದಲ್ಲಿ ತೋಳದ ಭಾಗವೊಂದನ್ನೇ ಮೊದಲು ಓದಿ, ಅಲ್ಲಿ ಎಲಿಯಟ್‌ರ ಮಾತು ಸಿಗುತ್ತದೆ. ಆಮೇಲೆ ಸುಗ್ಗಿ ಮುಗಿದ ಹೊಲದಲ್ಲಿ ಕುರಿ ತರುಬಿದವರ ಬಳಿ ಒಂದು ಸಂಜೆ ಕೂತು, ನಾಯಿಗಳನ್ನು ಆಚೆ ಎಳೆಯುವ ತೋಳದ ಉಪಾಯ ಈಗಲೂ ಉಂಟೇ ಎಂದು ಕೇಳಿ. ಅವರು ಹೇಳಿದ್ದನ್ನು ಬರೆದುಕೊಳ್ಳಿ. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬರೆಯಿರಿ, ಅವರ ಒಪ್ಪಿಗೆ ಪಡೆದು ಹೇಳಿದವರ ಹೆಸರನ್ನೂ ಬರೆಯಿರಿ.